ಪೋರ್ಕ್ಯುಪೈನ್ ಟ್ರೀ ಕೇಳುವುದಾ, ಬಾರ್ಬಿಯೇರಿ ಕೇಳುವುದಾ? ಯಾವ ಆಲ್ಬಂ ಯಾರಿಗೆ

ಕಳೆದ ಮಳೆಗಾಲದಲ್ಲಿ ಅಣ್ಣನ ಮಗ ನೀರ್ಚಾಲಿನ ನಮ್ಮ ಮನೆಗೆ ಬಂದಿದ್ದ. ಎರಡು ವರ್ಷದಿಂದ ಕೀಬೋರ್ಡ್ ಕಲಿಯುತ್ತಿದ್ದಾನೆ. ಜಗಲಿಯಲ್ಲಿ ಕೂತು ನನ್ನ ಇಯರ್‌ಫೋನ್ ಹಾಕಿಕೊಂಡು ಪೋರ್ಕ್ಯುಪೈನ್ ಟ್ರೀ ಬ್ಯಾಂಡಿನ ‘ಇನ್ ಅಬ್ಸೆನ್ಷಿಯಾ’ದ ಮೊದಲ ಮೂರು ಹಾಡು ಕೇಳಿದ. ಆಮೇಲೆ ಒಂದು ಕಿವಿಯದ್ದನ್ನು ತೆಗೆದು, ‘ಅಪ್ಪಚ್ಚೀ, ಇದರಲ್ಲಿ ಕೀಬೋರ್ಡು ಎಲ್ಲಿ ಇಪ್ಪದು?’ ಅಂತ ಕೇಳಿದ.

ಒಳ್ಳೆಯ ಪ್ರಶ್ನೆ. ಈ ಬ್ಯಾಂಡಿನ ಕೀಬೋರ್ಡ್ ವಾದಕ ರಿಚರ್ಡ್ ಬಾರ್ಬಿಯೇರಿ. ಅವರನ್ನು ಮೆಚ್ಚುವವರು ಲೋಕದ ತುಂಬ ಇದ್ದಾರೆ. ಆದರೆ ಪ್ರೋಗ್ರೆಸಿವ್ ರಾಕ್ (ಉದ್ದುದ್ದ, ಜಟಿಲ ರಚನೆಗಳ ರಾಕ್ ಸಂಗೀತ, ಈ ಬ್ಯಾಂಡಿನದ್ದೂ ಅದೇ) ಎಂದರೆ ಕೀಬೋರ್ಡಿನ ಮೇಲೆ ಹತ್ತು ಬೆರಳೂ ಓಡಾಡುವುದು ಎಂದುಕೊಂಡು ಬಂದವರಿಗೆ ಮೊದಲ ಸಲ ಅವರು ಸಿಗುವುದೇ ಇಲ್ಲ. ಸಿಗದಿದ್ದರೆ ಆಲ್ಬಂ ಬದಿಗಿಟ್ಟು ಬೇರೆ ಏನೋ ಹಾಕುತ್ತಾರೆ. ಅದಕ್ಕೇ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದು ಇಲ್ಲಿ ಮುಖ್ಯ.

ಅವನಿಗೆ ನಾನು ಹೇಳಿದ್ದು ನಮ್ಮೂರಿನ ಲೆಕ್ಕದಲ್ಲೇ. ಯಕ್ಷಗಾನದ ಆಟಕ್ಕೆ ಹೋದಾಗ ಹಿಮ್ಮೇಳ ನೋಡಿದ್ದೀಯಲ್ಲ? ಭಾಗವತರ ಪದ ಕೇಳುತ್ತೇವೆ, ಚೆಂಡೆಯ ಪೆಟ್ಟಿಗೆ ಮೈ ಜುಂ ಅನ್ನುತ್ತದೆ, ಮದ್ದಳೆಯ ಉರುಳಿಕೆಗೆ ತಲೆ ಆಡುತ್ತದೆ. ಹಿಂದೆ ಹಾರ್ಮೋನಿಯಂ ಹಿಡಿದು ಶ್ರುತಿ ಕೊಡುವವರ ಕಡೆ ಯಾರೂ ನೋಡುವುದಿಲ್ಲ. ಆದರೆ ನಡುರಾತ್ರಿ ಆ ಶ್ರುತಿ ಒಂದು ಕ್ಷಣ ನಿಂತರೆ ಇಡೀ ರಂಗಸ್ಥಳ ಬೋಳಾಗುತ್ತದೆ. ಬಾರ್ಬಿಯೇರಿ ಕೂತಿರುವುದು ಆ ಜಾಗದಲ್ಲಿ. ಒಂದೇ ವ್ಯತ್ಯಾಸ ಏನೆಂದರೆ, ಅವರ ಶ್ರುತಿ ಬಣ್ಣ ಬದಲಿಸುತ್ತಾ ಇರುತ್ತದೆ. ಒಮ್ಮೆ ದೂರದ ಗಂಟೆ, ಒಮ್ಮೆ ನೀರಿನೊಳಗಿನಿಂದ ಕೇಳುವ ದನಿ, ಒಮ್ಮೆ ಹಳೆ ರೇಡಿಯೋದ ಗೊರಗೊರ.

ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ನಾನು ಒಂದೇ ವಿಷಯ ನೋಡುತ್ತೇನೆ: ಆ ಆಲ್ಬಂನಲ್ಲಿ ಬಾರ್ಬಿಯೇರಿಗೆ ಎಷ್ಟು ಜಾಗ ಇದೆ, ಆ ಜಾಗ ಹೊಸ ಕಿವಿಗೆ ಎಷ್ಟು ಬೇಗ ತೆರೆದುಕೊಳ್ಳುತ್ತದೆ.

ಸ್ವಲ್ಪ ಹಿನ್ನೆಲೆ

ಪೋರ್ಕ್ಯುಪೈನ್ ಟ್ರೀ 1987ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವನ್ ವಿಲ್ಸನ್ ಒಬ್ಬರೇ ಮನೆಯಲ್ಲಿ ಶುರು ಮಾಡಿದ ಕೆಲಸ. ಮೊದಲಿಗೆ ಬ್ಯಾಂಡೇ ಇರಲಿಲ್ಲ. 1993ರ ಕೊನೆಗೆ ವೇದಿಕೆ ಹತ್ತಬೇಕಾದಾಗ ಬಾರ್ಬಿಯೇರಿ, ಬಾಸ್ ವಾದಕ ಕಾಲಿನ್ ಎಡ್ವಿನ್, ಡ್ರಮ್ಮರ್ ಕ್ರಿಸ್ ಮೈಟ್‌ಲೆಂಡ್ ಜೊತೆಯಾದರು. 2002ರಲ್ಲಿ ಮೈಟ್‌ಲೆಂಡ್ ಜಾಗಕ್ಕೆ ಗ್ಯಾವಿನ್ ಹ್ಯಾರಿಸನ್ ಬಂದರು.

ಬಾರ್ಬಿಯೇರಿ ಆಗಲೇ ಹೆಸರಾದವರು. 1957ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಡೇವಿಡ್ ಸಿಲ್ವಿಯನ್, ಸ್ಟೀವ್ ಜಾನ್ಸೆನ್, ಮಿಕ್ ಕಾರ್ನ್ ಇದ್ದ ‘ಜಪಾನ್’ ಅನ್ನುವ ಬ್ಯಾಂಡಿನಲ್ಲಿ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್, ಚಿಕ್ಕದಾಗಿ ಸಿಂಥ್) ನುಡಿಸುತ್ತಿದ್ದರು. ಆ ಬ್ಯಾಂಡಿನ 1981ರ ‘ಟಿನ್ ಡ್ರಮ್’ ಆಲ್ಬಂನಲ್ಲಿ ‘ಘೋಸ್ಟ್ಸ್’ ಅಂತ ಒಂದು ಹಾಡಿದೆ. ತಾಳ ಹಾಕಲು ಡ್ರಮ್ಸ್ ಇಲ್ಲ. ಸಿಂಥ್‌ನ ಸಣ್ಣ ಸಣ್ಣ ಸದ್ದುಗಳು ಕತ್ತಲಲ್ಲಿ ಮಿಣುಕು ಹುಳದ ಹಾಗೆ ಬಂದು ಹೋಗುತ್ತವೆ, ಅಷ್ಟೇ. ಅಂಥ ಹಾಡು 1982ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಹೋಯಿತು. ಬಾರ್ಬಿಯೇರಿ ಅವರ ಕೆಲಸ ಏನೆಂದು ನಾಲ್ಕು ನಿಮಿಷದಲ್ಲಿ ತಿಳಿಯಬೇಕಾದರೆ ಇದನ್ನೊಮ್ಮೆ ಕೇಳಿ. ಸ್ವರಕ್ಕಿಂತ ಸದ್ದನ್ನು ಕಟ್ಟುವುದು ಅವರಿಗೆ ಮುಖ್ಯ. ಪ್ರಾಫೆಟ್-5, ರೋಲ್ಯಾಂಡ್ ಸಿಸ್ಟಮ್ 700ರಂಥ ಹಳೆ ಯಂತ್ರಗಳ ಗುಂಡಿ ತಿರುಗಿಸಿ ತನಗೆ ಬೇಕಾದ ದನಿಯನ್ನು ತಾನೇ ಮಾಡಿಕೊಳ್ಳುವವರು.

ಬ್ಯಾಂಡಿನ ಆಲ್ಬಂಗಳಲ್ಲಿ ಯಾವುದು ಮೊದಲು?

ಹೆಚ್ಚಿನವರು ಎರಡರಲ್ಲಿ ಒಂದನ್ನು ಹೇಳುತ್ತಾರೆ: 2002ರ ‘ಇನ್ ಅಬ್ಸೆನ್ಷಿಯಾ’ ಅಥವಾ 2007ರ ‘ಫಿಯರ್ ಆಫ್ ಎ ಬ್ಲ್ಯಾಂಕ್ ಪ್ಲಾನೆಟ್’. ಎರಡೂ ಗಟ್ಟಿ ಆಲ್ಬಂಗಳೇ. ಆದರೆ ಕೇಳುವ ರೀತಿ ಬೇರೆ.

‘ಇನ್ ಅಬ್ಸೆನ್ಷಿಯಾ’ದಲ್ಲಿ ಹನ್ನೆರಡು ಹಾಡುಗಳು. ಒಂದೊಂದೂ ತನ್ನ ಕಾಲ ಮೇಲೆ ನಿಲ್ಲುತ್ತದೆ. ಬಿಡಿ ಬಿಡಿಯಾಗಿ ಕೇಳಬಹುದು. ‘ಟ್ರೇನ್ಸ್’ ಹಾಡಿನ ಅಕೂಸ್ಟಿಕ್ ಗಿಟಾರ್, ನಡುವೆ ಬರುವ ಚಪ್ಪಾಳೆ ಯಾರಿಗಾದರೂ ಒಂದೇ ಸಲಕ್ಕೆ ಹಿಡಿಸುತ್ತದೆ. ಈ ಬ್ಯಾಂಡಿನ ಜೊತೆ ಗ್ಯಾವಿನ್ ಹ್ಯಾರಿಸನ್ ಅವರ ಮೊದಲ ಆಲ್ಬಂ ಇದು, ಬ್ಯಾಂಡು ಹೆವಿ ಮೆಟಲ್ ಕಡೆ ವಾಲಿದ್ದೂ ಇಲ್ಲಿಂದಲೇ. ಅಂದರೆ ಗಿಟಾರ್ ಜಾಸ್ತಿ, ಬಾರ್ಬಿಯೇರಿ ಹಿಂದೆ. ನಮ್ಮ ಹುಡುಗನಿಗೆ ಕೀಬೋರ್ಡ್ ಸಿಗದೆ ಹೋದದ್ದು ಅದಕ್ಕೇ. ನಾನು ಅವನಿಗೆ ಐದನೇ ಹಾಡಾದ ‘ಗ್ರಾವಿಟಿ ಐಲಿಡ್ಸ್’ ಹಾಕಿ, ಗಿಟಾರ್ ಬರುವ ಮುಂಚಿನ ಭಾಗವನ್ನು ಮಾತ್ರ ಕೇಳಲು ಹೇಳಿದೆ. ಹಲವರು ಒಟ್ಟಿಗೆ ಉಸಿರು ಬಿಟ್ಟ ಹಾಗೆ ಒಂದು ದನಿ ನಿಧಾನಕ್ಕೆ ಹರಡುತ್ತದೆ. ಹಾಡು ನಿಂತಿರುವುದು ಅದರ ಮೇಲೆ. ಅರ್ಧ ದಾಟಿದ ಮೇಲೆ ಗಿಟಾರ್ ಅಪ್ಪಳಿಸುತ್ತದಲ್ಲ, ಅದಕ್ಕೆ ಅಷ್ಟು ಬಲ ಬರುವುದು ಮೊದಲು ಹರಡಿದ ಆ ಉಸಿರಿನಿಂದ. ಕೊನೆಯ ‘ಕೊಲ್ಯಾಪ್ಸ್ ದ ಲೈಟ್ ಇಂಟು ಅರ್ತ್’ ಇನ್ನೂ ಸರಳ. ಪಿಯಾನೋದ ಕೆಲವೇ ಕಾರ್ಡ್‌ಗಳು (ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲು) ತಿರುಗಿ ತಿರುಗಿ ಬರುತ್ತವೆ. ಕಲಿಯುವವರು ಒಂದೇ ಸಂಜೆಯಲ್ಲಿ ಕೈಗೆ ಹಚ್ಚಿಕೊಳ್ಳಬಹುದು.

‘ಫಿಯರ್ ಆಫ್ ಎ ಬ್ಲ್ಯಾಂಕ್ ಪ್ಲಾನೆಟ್’ ಬಿಡಿಸಿ ಕೇಳುವ ಆಲ್ಬಂ ಅಲ್ಲ. ಆರೇ ಹಾಡು, ಸುಮಾರು 51 ನಿಮಿಷ, ಒಂದರೊಳಗಿಂದ ಇನ್ನೊಂದು ಹುಟ್ಟುತ್ತದೆ. ಪರದೆ ಮತ್ತು ಮಾತ್ರೆಗಳ ನಡುವೆ ಯಾವುದೂ ಮನಸ್ಸಿಗೆ ತಟ್ಟದೆ ಬೆಳೆಯುವ ಹದಿಹರೆಯದ ಹುಡುಗನ ಕಥೆ. 2007ರಲ್ಲಿ ಬರೆದದ್ದು ಅಂದರೆ ನಂಬುವುದು ಕಷ್ಟ, ಅಲ್ವಾ? ಈಗ ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ನೋಡುವ ಮುಖವೇ ಅದರಲ್ಲಿದೆ.

ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಹೆಚ್ಚಿನದೂ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ. ದೂರ 46 ಕಿಲೋಮೀಟರ್, ಗಂಟೆಯ ಆಸುಪಾಸು. ರೈಲು ಹೊರಟಾಗ ಒತ್ತಿದರೆ ಆಲ್ಬಂ ಪೂರ್ತಿ ಮುಗಿಯುತ್ತದೆ. ಎರಡನೇ ಹಾಡು ‘ಮೈ ಆ್ಯಶಸ್’ ವಿಲ್ಸನ್ ಮತ್ತು ಬಾರ್ಬಿಯೇರಿ ಸೇರಿ ಮಾಡಿದ್ದು. ಕೀಬೋರ್ಡಿನ ಒಂದು ಮೆಲ್ಲನೆಯ ಸಾಲು ಹಾಡನ್ನು ಕೈಹಿಡಿದು ನಡೆಸುತ್ತದೆ. ಕುಂಬಳೆ ಹತ್ತಿರ ಬರುವಾಗ ‘ಅನೆಸ್ತಟೈಜ್’ ಶುರು. ಹದಿನೇಳೂವರೆ ನಿಮಿಷ ಮೀರಿದ ಹಾಡು, ನಡುವೆ ‘ರಷ್’ ಬ್ಯಾಂಡಿನ ಅಲೆಕ್ಸ್ ಲೈಫ್‌ಸನ್ ಗಿಟಾರ್ ನುಡಿಸುತ್ತಾರೆ. ಉಪ್ಪಳ ದಾಟಿ ಗಲಾಟೆ ಎಲ್ಲ ಮುಗಿದ ಮೇಲೆ ಹಾಡಿನ ಮೂರನೇ ಭಾಗ ಸಮುದ್ರದ ಹಾಗೆ ಹರಡಿಕೊಳ್ಳುತ್ತದೆ. ಕಿಟಕಿಯ ಆಚೆ ತೆಂಗಿನ ತೋಟಗಳ ಸಂದಿಯಲ್ಲಿ ನಿಜವಾದ ಸಮುದ್ರವೂ ಆಗಾಗ ಮಿಂಚಿ ಹೋಗುತ್ತದೆ. ಕೊನೆಯ ‘ಸ್ಲೀಪ್ ಟುಗೆದರ್’ ಹೊತ್ತಿಗೆ ಉಳ್ಳಾಲ. ಸಿಂಥ್‌ನ ಒಂದು ಗುಡುಗುಡು ಒಂದೇ ಸಮ ಬಡಿಯುತ್ತಾ ಏರುತ್ತದೆ, ಮೇಲೆ ಪಿಟೀಲುಗಳ ದಂಡು. ರೈಲು ನೇತ್ರಾವತಿ ಸೇತುವೆ ಹತ್ತಿದಾಗ ಕಬ್ಬಿಣದ ಸದ್ದು ಇದರ ಜೊತೆ ಸೇರುವುದುಂಟು. ಅಂಥ ದಿನ ಕೆಲಸಕ್ಕೆ ಕೂತಾಗಲೂ ಕೈ ಸ್ವಲ್ಪ ಹೊತ್ತು ನಡುಗುತ್ತಿರುತ್ತದೆ.

ನನ್ನ ತೀರ್ಮಾನ: ಹಾಡು ಹಾಡಾಗಿ ಕೇಳಿ ಅಭ್ಯಾಸ ಇರುವವರು ‘ಇನ್ ಅಬ್ಸೆನ್ಷಿಯಾ’ ತೆಗೆದುಕೊಳ್ಳಿ. ಒಂದು ಗಂಟೆ ಯಾರೂ ಕರೆಯದ ಜಾಗ ಇರುವವರು ‘ಫಿಯರ್’ ತೆಗೆದುಕೊಳ್ಳಿ. ಎರಡರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಎರಡನೆಯದನ್ನು ಇಟ್ಟುಕೊಳ್ಳುತ್ತೇನೆ. ಅದರಲ್ಲಿ ನಾಲ್ವರೂ ಒಂದೇ ಮೈಯಾಗಿದ್ದಾರೆ. ಬಾರ್ಬಿಯೇರಿ ಎಲ್ಲಿ ಎಂದು ಹುಡುಕುವುದೇ ಬೇಡ, ಅವರಿಲ್ಲದ ನಿಮಿಷವೇ ಇಲ್ಲ.

ಇವೆರಡರ ನಡುವೆ ಬಂದದ್ದು 2005ರ ‘ಡೆಡ್‌ವಿಂಗ್’. ವಿಲ್ಸನ್ ಗೆಳೆಯರೊಬ್ಬರ ಜೊತೆ ಬರೆದ ಚಿತ್ರಕಥೆಯೊಂದರಿಂದ ಹುಟ್ಟಿದ ಆಲ್ಬಂ. ‘ಅರೈವಿಂಗ್ ಸಮ್‌ವೇರ್ ಬಟ್ ನಾಟ್ ಹಿಯರ್’ ಎಂಬ ಹನ್ನೆರಡು ನಿಮಿಷದ ಹಾಡಿಗಾಗಿಯಾದರೂ ಇದು ಬೇಕು. ಅದರ ಆರಂಭದಲ್ಲಿ ದನಿಗಳು ಮಂಜಿನಿಂದ ಒಂದೊಂದಾಗಿ ಹೊರಬರುತ್ತವೆ. ಆದರೆ ಮೊದಲ ಆಲ್ಬಂ ಆಗಿ ಬೇಡ. ಹಾಡಿನಿಂದ ಹಾಡಿಗೆ ಮೇಲೆ ಕೆಳಗೆ ಆಗುತ್ತದೆ.

2009ರ ‘ದ ಇನ್ಸಿಡೆಂಟ್’ ಎರಡು ಸಿಡಿಯದ್ದು. ಮೊದಲನೆಯದರಲ್ಲಿ ಹದಿನಾಲ್ಕು ತುಂಡಿನ 55 ನಿಮಿಷದ ಒಂದೇ ಕೃತಿ. ರಸ್ತೆಯಲ್ಲಿ ಅಪಘಾತದ ಪಕ್ಕ ಹಾದು ಹೋಗುವಾಗ ಕಂಡ ಪೊಲೀಸ್ ಫಲಕದಿಂದ ವಿಲ್ಸನ್‌ಗೆ ಹೊಳೆದದ್ದು. ‘ಟೈಮ್ ಫ್ಲೈಸ್’ ಭಾಗ ಚೆನ್ನಾಗಿದೆ. ಉಳಿದಂತೆ ತುಂಡುಗಳು ಬೆಳೆಯುವ ಮುಂಚೆ ಮುಗಿದ ಹಾಗೆ ನನಗೆ ಅನಿಸುತ್ತದೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಗಿಟಾರಿನ ಆರ್ಭಟ ಬೇಡ ಅನ್ನುವವರಿಗೆ

ನಮ್ಮಲ್ಲಿ ಭಾವಗೀತೆ, ಹಳೆ ಸಿನಿಮಾ ಹಾಡು ಕೇಳಿ ಬೆಳೆದವರು ಜಾಸ್ತಿ. ಅವರಿಗೆ ಮೆಟಲ್ ಗಿಟಾರ್ ಕಿವಿಗೆ ಹೊಡೆತ. ಅಂಥವರು 1999ರ ‘ಸ್ಟುಪಿಡ್ ಡ್ರೀಮ್’ ಅಥವಾ 2000ದ ‘ಲೈಟ್‌ಬಲ್ಬ್ ಸನ್’ ಕೇಳಿ. ರಾಗ ಮುಂದೆ, ಗದ್ದಲ ಹಿಂದೆ. ನನಗೆ ‘ಲೈಟ್‌ಬಲ್ಬ್ ಸನ್’ ಒಂದು ತೂಕ ಹೆಚ್ಚು. ಬೇಸಿಗೆ ರಜೆ, ಬಾಲ್ಯ, ಮುರಿದ ಪ್ರೀತಿ ಎಲ್ಲ ಅದರಲ್ಲಿದೆ. ‘ರಷ್ಯಾ ಆನ್ ಐಸ್’ ಎಂಬ ಹದಿಮೂರು ನಿಮಿಷದ ಹಾಡಿನಲ್ಲಿ ಕೀಬೋರ್ಡ್ ಹಿಮದ ಹಾಗೆ ಮೆಲ್ಲಗೆ ಬೀಳುತ್ತದೆ.

ಇನ್ನೂ ಹಿಂದೆ ಹೋದರೆ 1995ರ ‘ದ ಸ್ಕೈ ಮೂವ್ಸ್ ಸೈಡ್‌ವೇಸ್’ ಮತ್ತು 1996ರ ‘ಸಿಗ್ನಿಫೈ’. ಇಲ್ಲಿ ಎಡವುವವರು ಬಹಳ. ‘ಸ್ಕೈ’ಯ ಮುಖ್ಯ ಹಾಡು ಎರಡು ಭಾಗವಾಗಿ ಅರ್ಧ ಗಂಟೆ ಮೀರುತ್ತದೆ, ಹೆಚ್ಚುಕಡಿಮೆ ತೇಲುವುದೇ ಕೆಲಸ. ಬೇರೆ ಬೇರೆ ಮುದ್ರಣಗಳಲ್ಲಿ ಹಾಡುಗಳ ಪಟ್ಟಿಯೂ ಬೇರೆ ಬೇರೆ. ಕೊಳ್ಳುವ ಮುಂಚೆ ಪಟ್ಟಿ ನೋಡಿಕೊಳ್ಳಿ. ‘ಸಿಗ್ನಿಫೈ’ ನಾಲ್ವರೂ ಕೂತು ಬ್ಯಾಂಡಾಗಿ ಮಾಡಿದ ಮೊದಲ ಆಲ್ಬಂ. ಕೀಬೋರ್ಡ್ ಕಲಿಯುವವರಿಗೆ ನಾನು ಇದನ್ನೇ ಕೊಡುತ್ತೇನೆ. ಹಾಡಿಲ್ಲದ ವಾದ್ಯದ ತುಣುಕುಗಳಿವೆ, ಗಿಟಾರ್ ಇನ್ನೂ ಜಾಗ ಕಬಳಿಸಿಲ್ಲ, ಕೊನೆಯ ‘ಡಾರ್ಕ್ ಮ್ಯಾಟರ್’ನಲ್ಲಿ ಬಾರ್ಬಿಯೇರಿ ಕೈಯ ಒಂದೊಂದು ಬಣ್ಣವೂ ಬಿಡಿಯಾಗಿ ಕೇಳುತ್ತದೆ.

ಹನ್ನೆರಡು ವರ್ಷದ ಮೌನದ ನಂತರ

2010ರಲ್ಲಿ ಬ್ಯಾಂಡು ನಿಂತಿತು. ಮತ್ತೆ ಬರುವುದಿಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2022ರ ಜೂನ್‌ನಲ್ಲಿ ‘ಕ್ಲೋಷರ್ ಕಂಟಿನ್ಯುಯೇಷನ್’ ಬಂತು. ಕಾಲಿನ್ ಎಡ್ವಿನ್ ಇಲ್ಲ, ಬಾಸ್ ಗಿಟಾರನ್ನು ವಿಲ್ಸನ್ ಅವರೇ ನುಡಿಸಿದ್ದಾರೆ. ಮೂರೇ ಜನ. ಜನ ಕಡಿಮೆಯಾದದ್ದರಿಂದ ಬಾರ್ಬಿಯೇರಿಗೆ ಜಾಗ ಸಿಕ್ಕಿದೆ. ‘ಡಿಗ್ನಿಟಿ’ ಮತ್ತು ‘ವಾಕ್ ದ ಪ್ಲ್ಯಾಂಕ್’ ವಿಲ್ಸನ್ ಜೊತೆ ಅವರೂ ಸೇರಿ ಕಟ್ಟಿದ ಹಾಡುಗಳು. ‘ವಾಕ್ ದ ಪ್ಲ್ಯಾಂಕ್’ನಲ್ಲಿ ಸಿಂಥ್‌ನದ್ದೇ ರಾಜ್ಯ. ‘ಹ್ಯಾರಿಡನ್’ ಹಾಡಿನ ಲಯ ಎಣಿಸಲು ಹೋದರೆ ಬೆರಳು ತಪ್ಪುತ್ತದೆ, ಸುಮ್ನೆ ಕೇಳಿ. ಮೂಲ ಆಲ್ಬಂನಲ್ಲಿ ಏಳು ಹಾಡು, 48 ನಿಮಿಷ. ಡೀಲಕ್ಸ್ ಮುದ್ರಣದಲ್ಲಿ ಇನ್ನೂ ಮೂರು ಸೇರುತ್ತವೆ. ಮೊದಲ ಸಲ ಏಳೇ ಸಾಕು, ಏಳನೆಯ ‘ಕಿಮೇರಾಸ್ ರೆಕ್’ ಮುಗಿದಾಗ ಆಲ್ಬಂ ನಿಜಕ್ಕೂ ಮುಗಿದಿರುತ್ತದೆ.

‘ಫಿಯರ್’ ಜೊತೆ ಹೋಲಿಸಿದರೆ? ಇದರಲ್ಲಿ ಕಥೆ ಇಲ್ಲ, ಬಿಗಿ ಇದೆ. ಹೊಸ ರೆಕಾರ್ಡಿಂಗ್ ಆದ್ದರಿಂದ ಒಂದೊಂದು ಸದ್ದೂ ಸ್ಪಷ್ಟ. ಡ್ರಮ್ಸ್ ಪ್ರಿಯರಿಗೆ ಇದೇ ಮೊದಲಾದರೂ ಆದೀತು.

ಈಗ ಬಾರ್ಬಿಯೇರಿ ಒಬ್ಬರೇ

ಅವರ ಸ್ವಂತ ಆಲ್ಬಂಗಳು ಬ್ಯಾಂಡಿನವುಗಳ ಹಾಗೇ ಇರುತ್ತವೆ ಅಂದುಕೊಂಡು ಹೋಗಬೇಡಿ. ಪದ್ಯ, ಪಲ್ಲವಿ, ಗಿಟಾರ್ ಸೋಲೋ ಯಾವುದೂ ಇಲ್ಲಿಲ್ಲ. ಹಿಮ್ಮೇಳವೇ ರಂಗಸ್ಥಳಕ್ಕೆ ಬಂದು ಕೂತ ಹಾಗೆ. ಮುಖ್ಯವಾದವು ನಾಲ್ಕು: 2005ರ ‘ಥಿಂಗ್ಸ್ ಬರೀಡ್’, 2008ರ ‘ಸ್ಟ್ರೇಂಜರ್ ಇನ್‌ಸೈಡ್’, 2017ರ ‘ಪ್ಲಾನೆಟ್ಸ್ ಪ್ಲಸ್ ಪರ್ಸೋನಾ’, 2021ರ ‘ಅಂಡರ್ ಎ ಸ್ಪೆಲ್’. ಮೊದಲ ಎರಡು ಕತ್ತಲೆಯವು, ಯಂತ್ರದ ಲಯ ಜಾಸ್ತಿ. ಅವರನ್ನು ಈಗಾಗಲೇ ಹಚ್ಚಿಕೊಂಡವರಿಗೆ ಸರಿ. ಆಯ್ಕೆ ಇರುವುದು ನಂತರದ ಎರಡರ ನಡುವೆ.

‘ಪ್ಲಾನೆಟ್ಸ್ ಪ್ಲಸ್ ಪರ್ಸೋನಾ’ದಲ್ಲಿ ಸಿಂಥ್‌ನ ಪಕ್ಕ ಮನುಷ್ಯರ ಉಸಿರಿದೆ. ಲೂಕಾ ಕಲಬ್ರೇಸೆಯವರ ಟ್ರಂಪೆಟ್, ಸ್ವೀಡನ್ನಿನ ಲೀಸೆನ್ ರಿಲಾಂಡರ್ ಲೋವೆ ಅವರ ದನಿ ಮತ್ತು ಸ್ಯಾಕ್ಸೋಫೋನ್, ಪರ್ಸಿ ಜೋನ್ಸ್ ಅವರ ಜಾರುವ ಬಾಸ್. ಜಾಝ್‌ನ ಗಾಳಿ ಬೀಸುತ್ತದೆ. ಮೊದಲ ತುಣುಕು ‘ಸೋಲಾರ್ ಸೀ’ ಕೇಳುತ್ತಾ ಹೋದರೆ ಯಂತ್ರದ ದನಿ ಯಾವುದು, ಬಾಯಿಂದ ಊದಿದ್ದು ಯಾವುದು ಎಂದು ಬೇರೆ ಮಾಡುವುದೇ ಕಷ್ಟ. ಮೊದಲ ಸಲ ಬಾರ್ಬಿಯೇರಿಯನ್ನು ಕೇಳುವವರಿಗೆ ಇದೇ. ಎರಡನೇ ಮಾತಿಲ್ಲ.

‘ಅಂಡರ್ ಎ ಸ್ಪೆಲ್’ ಹುಟ್ಟಿದ್ದು 2020ರ ಲಾಕ್‌ಡೌನ್‌ನಲ್ಲಿ, ಮನೆಯಲ್ಲಿ. ಹಿಂದಿನದರ ಹಾಗೆ ಹಲವರನ್ನು ಸೇರಿಸಿ ಮಾಡಬೇಕೆಂದಿದ್ದ ಆಲ್ಬಂ ಒಳಮುಖವಾಗಿ ತಿರುಗಿತು. ಅತಿಥಿಗಳಿದ್ದಾರೆ, ‘ಮ್ಯಾರಿಲಿಯನ್’ ಬ್ಯಾಂಡಿನ ಸ್ಟೀವ್ ಹೊಗಾರ್ತ್ ಅವರ ದನಿಯೂ ಇದೆ, ಆದರೆ ಎಲ್ಲರೂ ಕನಸಿನಲ್ಲಿ ಬಂದು ಹೋಗುವವರ ಹಾಗೆ. ಶುರುವಿನಿಂದ ಕೊನೆಯ ‘ಲೂಸಿಡ್’ವರೆಗೆ ಒಂದೇ ರಾತ್ರಿ ನಡೆದ ಹಾಗಿದೆ. ಇದಕ್ಕೆ ಹೊತ್ತು ಬೇಕು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಕರೆಂಟ್ ಹೋಗಿ, ಅಡಿಕೆ ತೋಟದ ಮೇಲೆ ಮಳೆ ಒಂದೇ ಸಮ ಹೊಯ್ಯುವ ರಾತ್ರಿ ಇರುತ್ತದಲ್ಲ, ಅಂಥ ಹೊತ್ತು. ಹಗಲು ಬಸ್ಸಿನಲ್ಲಿ ಕೇಳಿ ‘ಏನೂ ಇಲ್ಲ ಇದರಲ್ಲಿ’ ಅಂದವರನ್ನು ನೋಡಿದ್ದೇನೆ. ಅವರು ಕೇಳಿದ ಹೊತ್ತು ತಪ್ಪು.

ಹಾಡು ಬೇಕೇ ಬೇಕು, ಆದರೆ ಬಾರ್ಬಿಯೇರಿಯೂ ಬೇಕು ಅನ್ನುವವರಿಗೆ ಮಧ್ಯದ ದಾರಿ ಒಂದಿದೆ. ಹೊಗಾರ್ತ್ ಜೊತೆ ಸೇರಿ 2012ರಲ್ಲಿ ಮಾಡಿದ ‘ನಾಟ್ ದ ವೆಪನ್ ಬಟ್ ದ ಹ್ಯಾಂಡ್’. ಪದಗಳಿವೆ, ಹಾಡುಗಾರಿಕೆ ಇದೆ, ಸುತ್ತ ಆ ಸದ್ದಿನ ಲೋಕವೂ ಇದೆ.

ಕೇಳುವ ಮೊದಲು ಎರಡು ಮಾತು

ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಬಾರ್ಬಿಯೇರಿ ಅವರ ಅರ್ಧ ಕೆಲಸ ತಗ್ಗಿನ ಸ್ವರಗಳಲ್ಲಿದೆ, ಅದು ಸಣ್ಣ ಸ್ಪೀಕರ್‌ನಲ್ಲಿ ಬರುವುದೇ ಇಲ್ಲ. ಸಾಧಾರಣ ಬೆಲೆಯ ವೈರ್ ಇಯರ್‌ಫೋನ್ ಆದರೂ ಸಾಕು. ಶಫಲ್ ಆಫ್ ಮಾಡಿ. ಹಾಡುಗಳ ನಡುವೆ ಮೌನ ಬರದ ಹಾಗೆ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಗ್ಯಾಪ್‌ಲೆಸ್ ಆನ್ ಮಾಡಿ. ‘ಫಿಯರ್’ಗೂ ‘ಇನ್ಸಿಡೆಂಟ್’ಗೂ ಇದು ಬೇಕೇ ಬೇಕು, ಇಲ್ಲದಿದ್ದರೆ ಹರಿಯುವ ನೀರಿಗೆ ಅಲ್ಲಲ್ಲಿ ಕಟ್ಟೆ ಕಟ್ಟಿದ ಹಾಗಾಗುತ್ತದೆ. ನಮ್ಮ ಕಡೆ ಗುಡ್ಡದ ತಪ್ಪಲಿನ ಮನೆಗಳಲ್ಲಿ ರೇಂಜ್ ನಂಬುವ ಹಾಗಿಲ್ಲ. ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಅಣ್ಣನ ಮಗನಿಗೆ ಆ ದಿನ ನಾನು ಕೊಟ್ಟು ಕಳಿಸಿದ್ದು ‘ಸಿಗ್ನಿಫೈ’ ಮತ್ತು ‘ಪ್ಲಾನೆಟ್ಸ್ ಪ್ಲಸ್ ಪರ್ಸೋನಾ’. ಹದಿನೈದು ದಿನ ಕಳೆದು ಒಂದು ಆಡಿಯೋ ಕಳಿಸಿದ. ತನ್ನ ಕೀಬೋರ್ಡಿನಲ್ಲಿ ಎರಡೇ ಸ್ವರ ಒತ್ತಿ ಹಿಡಿದಿದ್ದಾನೆ. ನಿಮಿಷಗಟ್ಟಲೆ ಹಾಗೇ ಹಿಡಿದು, ಇನ್ನೊಂದು ಕೈಯಲ್ಲಿ ಗುಂಡಿ ತಿರುಗಿಸುತ್ತಾ ದನಿಯನ್ನು ಮಂಕು ಮಾಡುತ್ತಾನೆ, ಮತ್ತೆ ಬೆಳಗಿಸುತ್ತಾನೆ. ಹಿಂದೆ ಅವರ ಮನೆಯ ಹಂಚಿನ ಮೇಲೆ ಮಳೆ ಬೀಳುವುದು ಕೇಳುತ್ತಿತ್ತು. ಮುಂದಿನ ಸಲ ಬಂದಾಗ ಅವನಿಗೆ ‘ಡೆಡ್‌ವಿಂಗ್’ ಕೊಡುವವನಿದ್ದೇನೆ.